ಪೇರಲ ಗಿಡದ ಬೆಲ್ಟು

ನಿವೃತ್ತನಾದರೂ ಬೆಲ್ಟು ಬಿಡದ ದಫೇದಾರ ಚನವೀರಪ್ಪ, ಬಟ್ಟೆ ಒಣಹಾಕಲು ಹಿತ್ತಲಿನ ಪೇರಲ ಗಿಡಕ್ಕೆ ತಂತಿ ಬಿಗಿದಿದ್ದ. ಗಿಡ ದಪ್ಪವಾದಂತೆ ತಂತಿ ತೊಗಟೆಯೊಳಗೆ ಹೂತು, ಎಲೆಗಳು ಹಳದಿಯಾದವು. ತಂತಿ ಬಿಚ್ಚಿರೆಂದು ಹೆಂಡತಿ ಶಿವಗಂಗವ್ವ ಹೇಳಿದಳು.

“ನಾ ಬಿಗಿದದ್ದು ತಪ್ಪಾಗಂಗಿಲ್ಲ. ಗಿಡಕ್ಕೇ ರೋಗ ಐತಿ. ನಾಳೆ ಕಡಿಸ್ತೀನಿ.”

ಗಿಡ ನೆಟ್ಟವಳು ಅವಳು. ಕಡಿಯಲು ಬಿಡುವವಳಲ್ಲ.

“ಹೊಟ್ಟಿ ಬಂದೈತಂತ ಓಣಿಯವರು ನಗತಾರ್ರಿ,” ಎಂದು ಅವನ ಬೆಲ್ಟನ್ನು ಎರಡು ತೂತು ಒಳಕ್ಕೆಳೆದು ಬಿಗಿದಳು. ಆಮೇಲೆ ಕೂರಿಸಿ ಹೋಳಿಗೆ ಬಡಿಸಿದಳು.

ಎರಡನೆಯ ಹೋಳಿಗೆಗೇ ದಫೇದಾರ ಬೆವೆತ. “ತುತ್ತು ಕೆಳಗ ಇಳೀವಲ್ದು. ಬೆಲ್ಟು ಬಿಚ್ಚು.”

“ನಾ ಬಿಗಿದದ್ದು ತಪ್ಪಾಗಂಗಿಲ್ರಿ. ನಿಮಗೇ ರೋಗ ಐತಿ.”

ದಫೇದಾರ ಹಿತ್ತಲ ಕಡೆ ನೋಡಿದ. ಬೆಲ್ಟು ಸಡಿಲಿಸಿ, ಗೋಡೆಯ ಗೂಡಿನಲ್ಲಿದ್ದ ಇಕ್ಕಳ ತೆಗೆದುಕೊಂಡ.

“ಹೋಳಿಗಿ ಆರತಾವ್ರಿ.”

“ಆರಲಿ. ಮೊದಲು ಅದರದ್ದು ಬಿಚ್ಚಿ ಬರ್ತೀನಿ.”