ಮರಳಿ ಬರುವ ತಂತಿ

"ಗುರುಗಳೇ, ಮಠದಲ್ಲಿ ಯಾರು ಕರೆದರೂ ಓಡಿಹೋಗುತ್ತೇನೆ. ಎಲ್ಲರ ಕೆಲಸಕ್ಕೂ ಹೆಗಲು ಕೊಡುತ್ತೇನೆ. ಆದರೂ ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ನನಗೆ ಯಾರೂ ಇಲ್ಲ ಅನ್ನಿಸುತ್ತದೆ. ಯಾಕೆ ಹೀಗೆ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಒಂದು ಕತೆ ಹೇಳಿದರು:

ಕಡಲ ತೀರದಲ್ಲಿ ಒಬ್ಬ ದೋಣಿಕಾರನಿದ್ದ. ಎಲ್ಲಿ ನೆರೆ ಬಂದರೂ ತನ್ನ ದೋಣಿಯನ್ನು ಟ್ರೇಲರ್ ಮೇಲೇರಿಸಿ, ಪಿಕಪ್‌ಗೆ ಕಟ್ಟಿಕೊಂಡು ಹೊರಡುತ್ತಿದ್ದ. ಸಿಕ್ಕಿಬಿದ್ದವರನ್ನು ದಡ ಸೇರಿಸುತ್ತಿದ್ದ. ಒಂದು ತುತ್ತು ಉಂಡು ಹೋಗು ಎಂದರೆ ನಿಲ್ಲುತ್ತಿರಲಿಲ್ಲ. ಯಾರ ಹಂಗೂ ಇಲ್ಲದೆ ಬದುಕಿದ್ದೇನೆ ಎಂಬುದೇ ಅವನ ಹೆಮ್ಮೆ.

ಒಮ್ಮೆ ಘಟ್ಟದಾಚೆಯ ಊರಿನಿಂದ ಕರೆ ಬಂತು. ಒಂದು ಮನೆಯವರು ನೀರಿಗೆ ಹೆದರಿ ಮಾಡಿನ ಮೇಲೆ ಹತ್ತಿ ಕುಳಿತಿದ್ದರು. ದೋಣಿಕಾರ ಹೊರಟ. ಘಟ್ಟ ಹತ್ತಿ ಆಚೆ ಇಳಿಯುವಾಗ ಬ್ರೇಕ್ ತುಳಿದರೆ ಪಿಕಪ್ ನಿಧಾನವಾಯಿತು, ಹಿಂದಿನ ಟ್ರೇಲರ್ ಆಗಲಿಲ್ಲ. ಅದು ಪಿಕಪ್ಪನ್ನು ಮುಂದಕ್ಕೆ ದೂಡಿತು. ಗೇರು ಇಳಿಸಿ, ಗುಡ್ಡದ ಬದಿಗೆ ಒರಗಿಸಿ, ಹೇಗೋ ನಿಲ್ಲಿಸಿದ.

ಟ್ರೇಲರ್‌ನ ಚಕ್ರಗಳಿಗೆ ಬೇರೆಯೇ ಬ್ರೇಕ್ ಇತ್ತು. ಮುಂದೆ ಪೆಡಲ್ ತುಳಿದರೆ ತಂತಿಯಲ್ಲಿ ಕರೆಂಟ್ ಹೋಗಿ ಆ ಬ್ರೇಕ್ ಹಿಡಿಯಬೇಕು. ಅವನು ಫ್ಯೂಸ್ ನೋಡಿದ. ಪ್ಲಗ್ ಬಿಚ್ಚಿ ಒರೆಸಿದ. ಟೆಸ್ಟರ್ ಇಟ್ಟ, ಚಕ್ರದವರೆಗೂ ಕರೆಂಟ್ ಬರುತ್ತಿತ್ತು. ಪೆಡಲಿಗೆ ಕೋಲು ಒತ್ತುಕೊಟ್ಟು ಹಿಂದೆ ಹೋಗಿ ನೋಡಿದರೆ ಚಕ್ರ ಬಿಗಿದಿತ್ತು. ಗಾಡಿ ಉರುಳಿಸಿದರೆ ಮಾತ್ರ ಬ್ರೇಕ್ ಬಿಟ್ಟುಬಿಡುತ್ತಿತ್ತು. ಉರುಳುವಾಗ ಹಿಂದೆ ಏನಾಗುತ್ತಿದೆ ಎಂಬುದು ಮುಂದೆ ಕುಳಿತವನಿಗೆ ಕಾಣದು.

ಲಾರಿಯವನೊಬ್ಬ ನಿಲ್ಲಿಸಿ, "ನಾನೂ ಕೈ ಹಾಕಲೇನಣ್ಣ?" ಎಂದ.

"ಬೇಡ, ನಾನೇ ನೋಡಿಕೊಳ್ಳುತ್ತೇನೆ."

ಲಾರಿ ಹೋಯಿತು. ದೋಣಿಕಾರ ಎಲ್ಲವನ್ನೂ ಮೊದಲಿಂದ ನೋಡಿದ. ಸುಸ್ತಾಗಿ ರಸ್ತೆಯಂಚಿಗೆ ಕುಳಿತ. ಎಷ್ಟೋ ಜನರನ್ನು ನೀರಿನಿಂದ ಎತ್ತಿದ್ದ. ಈಗ ಫೋನು ಮಾಡೋಣವೆಂದರೆ ಒಂದು ಹೆಸರೂ ಹೊಳೆಯಲಿಲ್ಲ. ಇಷ್ಟು ವರ್ಷ ಅದು ಅವನಿಗೆ ಗೊತ್ತೇ ಆಗಿರಲಿಲ್ಲ. ಅತ್ತ ಮಾಡಿನ ಮೇಲಿನವರು ಕಾಯುತ್ತಿದ್ದರು.

ಹಾಲಿನ ವ್ಯಾನೊಂದು ಬಂತು. ಅವನು ಎದ್ದು ಕೈ ಅಡ್ಡ ಹಿಡಿದ.

"ನನ್ನೊಬ್ಬನ ಕೈಲಿ ಆಗುತ್ತಿಲ್ಲ. ಸ್ವಲ್ಪ ಗಾಡಿ ಉರುಳಿಸಿ ಬ್ರೇಕ್ ತುಳಿಯುತ್ತೀರಾ?"

ವ್ಯಾನಿನವನು ಪಿಕಪ್ ಹತ್ತಿದ. ರಸ್ತೆ ಮಟ್ಟಸವಾಗಿದ್ದ ಕಡೆ ಮೆಲ್ಲಗೆ ಉರುಳಿಸಿ ತುಳಿದ. ದೋಣಿಕಾರ ಪಕ್ಕದಲ್ಲೇ ಬಗ್ಗಿ ನಡೆದ. ಆಗ ಕಂಡಿತು. ಕರೆಂಟ್ ಒಯ್ಯುವ ತಂತಿಗಳೆಲ್ಲ ಸರಿಯಿದ್ದವು. ಆ ಕರೆಂಟ್ ಪಿಕಪ್‌ಗೆ ಮರಳಿ ಬರುವ ಅರ್ತ್ ತಂತಿಯ ಬೋಲ್ಟ್ ಉಪ್ಪುನೀರಿಗೆ ತುಕ್ಕು ಹಿಡಿದು ಸಡಿಲವಾಗಿತ್ತು. ಗಾಡಿ ಅಲುಗಿದಾಗಲೆಲ್ಲ ತಂತಿ ಬಿಟ್ಟುಕೊಳ್ಳುತ್ತಿತ್ತು. ತುಕ್ಕು ಕೆರೆದು ಬಿಗಿದ. ಬ್ರೇಕ್ ಹಿಡಿಯಿತು.

ಸಂಜೆಯೊಳಗೆ ಆ ಮನೆಯವರನ್ನೆಲ್ಲ ದಡ ಸೇರಿಸಿದ. ಊರ ಶಾಲೆಯ ಜಗಲಿಯಲ್ಲಿ ಅವರಿಗೆ ಗಂಜಿ ಬಡಿಸುತ್ತಿದ್ದರು. "ನೀನೂ ಕೂರಪ್ಪ" ಎಂದಳು ಆ ಮನೆಯ ಮುದುಕಿ. ಅವನು ಕೈ ತೊಳೆದು ಅವರ ನಡುವೆ ಕುಳಿತ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನಾನು ಸೇವೆ ಬಿಡಬೇಕೇ?" ಎಂದ ಚೆನ್ನವೀರ.

"ಹೋದ ತಿಂಗಳು ನಿನಗೆ ಜ್ವರ ಬಂದಾಗ ಒಳಗಿನಿಂದ ಚಿಲಕ ಹಾಕಿಕೊಂಡೆಯಲ್ಲ, ಬಾಗಿಲಾಚೆ ಕಷಾಯ ಹಿಡಿದು ನಿಂತಿದ್ದವರು ಯಾರೆಂದು ಕೇಳಿದೆಯಾ?" ಎಂದರು ಗುರುಗಳು.