ಜೊಂಡು ಸರಿಸಿದ ಕ್ಯಾಮೆರಾ

ತನಗೆ ಹಸಿವಿಲ್ಲ, ಹಾಗಾಗಿ ತನ್ನಿಂದ ಯಾರಿಗೂ ಕೇಡಿಲ್ಲ ಎಂದು ಒಂದು ಕ್ಯಾಮೆರಾಕ್ಕೆ ಬಲು ಹೆಮ್ಮೆ. ಒಂದು ಬೆಳಗ್ಗೆ ಅದು ಒಡೆಯನ ಹೆಗಲೇರಿ ಕೆರೆಯಂಚಿಗೆ ಬಂತು. ಅಲ್ಲಿ ಜೊಂಡುಹುಲ್ಲಿನ ನಡುವೆ ಹೆಬ್ಬಾತೊಂದು ನಾಲ್ಕು ಮೊಟ್ಟೆಗಳಿಗೆ ಕಾವು ಕೊಡುತ್ತಾ ಕೂತಿತ್ತು.

"ಹೆದರಬೇಡ ತಾಯಿ," ಎಂದಿತು ಕ್ಯಾಮೆರಾ. "ನಾನು ಬಂದೂಕಲ್ಲ, ಬಲೆಯೂ ಅಲ್ಲ. ನಿನ್ನನ್ನು ನೋಡಿ ಹೋಗುತ್ತೇನೆ, ಅಷ್ಟೇ. ಆದರೆ ಈ ಹಾಳು ಜೊಂಡು ಅಡ್ಡ ಬರುತ್ತಿದೆ."

"ಅಡ್ಡ ಇರಲಿ ಅಂತಲೇ ಇಲ್ಲಿ ಗೂಡು ಕಟ್ಟಿದ್ದು," ಎಂದಿತು ಹೆಬ್ಬಾತು.

ಕ್ಯಾಮೆರಾಕ್ಕೆ ಬೆಳಕಿನದೇ ಚಿಂತೆ, ಮಾತು ಕಿವಿಗೆ ಬೀಳಲಿಲ್ಲ. ಒಡೆಯ ಜೊಂಡನ್ನೆಲ್ಲ ಮುರಿದು ಪಕ್ಕಕ್ಕೆಸೆದ. ಹೆಬ್ಬಾತು ಬೆದರಿ ನೀರಿಗಿಳಿಯಿತು. ಅದು ಮರಳಿ ಬರಲೆಂದು ಒಡೆಯ ದೂರ ಸರಿದು, ತಾನು ಮಾತ್ರ ಹಸಿರು ಬಟ್ಟೆ ಹೊದ್ದು ಮರೆಯಾಗಿ ಕೂತ.

ಹೆಬ್ಬಾತಿಗಿಂತ ಮೊದಲು ಹದ್ದು ಇಳಿಯಿತು. ನಾಲ್ಕೂ ಮೊಟ್ಟೆಗಳನ್ನು ಒಡೆದು ಕುಡಿಯಿತು. ಕ್ಯಾಮೆರಾ ಒಂದನ್ನೂ ಬಿಡದೆ ಚಿತ್ರ ಹಿಡಿಯಿತು.

ಹೆಬ್ಬಾತು ಬಂದು ಬರಿಗೂಡಿನ ಮುಂದೆ ನಿಂತಿತು.

"ನಾನು ಏನನ್ನೂ ಮುಟ್ಟಲಿಲ್ಲ," ಎಂದಿತು ಕ್ಯಾಮೆರಾ.

"ನಿಜ, ಮುಟ್ಟಿದ್ದು ನಾನು," ಎಂದಿತು ಹದ್ದು, ಕೊಕ್ಕು ಒರೆಸಿಕೊಳ್ಳುತ್ತಾ. "ಮೂರು ದಿನ ಈ ಜೊಂಡಿನ ಮೇಲೆ ಸುತ್ತಿದ್ದೆ, ಗೂಡು ಕಂಡಿರಲಿಲ್ಲ. ನಾಳೆ ನಿನ್ನ ಸವಾರಿ ಯಾವ ಕಡೆಗೆ?"

"ಆಚೆ ದಡಕ್ಕೆ," ಎಂದಿತು ಕ್ಯಾಮೆರಾ. "ಅಲ್ಲಿ ಮರಿಗಳಾಗಿವೆಯಂತೆ."