ದಡದ ಮೇಲೆ ಕಲಿತ ಈಜು

ಮಕ್ಕಳೇ, ಬಿದಿರುಮೆಳೆ ಕಾಡಿನ ನಡುವೆ ತಾವರೆಹೊಂಡ ಅಂತ ಒಂದು ಹೊಂಡವಿತ್ತು. ಅದರ ದಡದಲ್ಲೊಂದು ನೇರಳೆ ಮರ, ಮರದ ಕೆಳಗೊಂದು ಶಾಲೆ. ಗೋಡೆಯಿಲ್ಲ, ಬಾಗಿಲಿಲ್ಲ, ಯಾರ ಮರಿ ಬೇಕಾದರೂ ಬಂದು ಕೂರಬಹುದು. ಅಲ್ಲಿದ್ದದ್ದು ಒಬ್ಬರೇ ಟೀಚರು. ನೀಲಮ್ಮ ಅಂತ, ವಯಸ್ಸಾದ ಕಡವೆ.

ಶಾಲೆಯ ಉಸ್ತುವಾರಿ ಜಿಂಕೆ ಹಿಂಡಿನ ಯಜಮಾನ ಕೊಂಬಣ್ಣನದು. ಅವನು ಕೆಟ್ಟವನೇನಲ್ಲ. ಮೊಮ್ಮಗಳು ಚಿಟ್ಟಿಯನ್ನು ಕಂಡರೆ ಅವನಿಗೆ ಪ್ರಾಣ, ಅವಳನ್ನು ಇದೇ ಶಾಲೆಗೆ ಕಳಿಸುತ್ತಿದ್ದ. ಆದರೆ 'ಪಾಠ ಹೇಳುವುದೂ ಒಂದು ಕೆಲಸವೇ?' ಅನ್ನುವ ಅಸಡ್ಡೆ ಅವನ ತಲೆಯಲ್ಲಿ ಬೇರೂರಿತ್ತು. ಎಲ್ಲಾದರೂ ಒಂದು ಆಳು ಕಡಿಮೆ ಬಿತ್ತೋ, ಅವನ ಕಣ್ಣು ಸೀದಾ ನೇರಳೆ ಮರದ ಕಡೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಬಂದು ಹೇಳಿದ, "ಟೀಚರಮ್ಮಾ, ಗುಡ್ಡದಾಚೆ ಎಷ್ಟು ಜಿಂಕೆಗಳಿವೆ ಅಂತ ಎಣಿಸಿಕೊಂಡು ಬನ್ನಿ. ಕಾಡಿನ ದಳವಾಯಿ ಆನೆ ಕೇಳಿ ಕಳಿಸಿದ್ದಾರೆ."

"ಇವತ್ತು ಮರಿಗಳನ್ನು ನೀರಿಗೆ ಇಳಿಸೋಣ ಅಂತಿದ್ದೆ, ಯಜಮಾನರೇ."

"ನಾಳೆ ಇಳಿಸಿದರಾಯಿತು. ಹೊಂಡ ಎಲ್ಲಿಗೂ ಓಡಿಹೋಗುವುದಿಲ್ಲ."

ಮರುದಿನ ಯಾವ ಯಾವ ಮರ ಹಣ್ಣು ಬಿಟ್ಟಿದೆ ಎಂದು ನೋಡಿಬರುವ ಕೆಲಸ ಬಂತು. ಅದರ ಮರುದಿನ ಹಂದಿಗಳ ಜಗಳ ಬಿಡಿಸುವ ಕೆಲಸ. ಹೀಗೆ ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆ ಬಂದರೂ ಮರಿಗಳ ಗೊರಸು ಒದ್ದೆಯಾಗಲಿಲ್ಲ.

ಕೊನೆಗೆ ನೀಲಮ್ಮ ತಡೆಯಲಾರದೆ ಹೇಳಿದಳು, "ಸೀಳುನಾಯಿಗಳು ಬಂದರೆ ಈ ಪುಟ್ಟ ಮರಿಗಳಿಗೆ ಹೊಂಡವೊಂದೇ ಗತಿ. ಎಡಗಡೆ ಕೆಸರು, ಕಾಲು ಹೂತುಹೋಗುತ್ತದೆ. ಬಲಗಡೆ ಗಟ್ಟಿ ನೆಲ, ಅಲ್ಲಿ ಇಳಿಯಬೇಕು. ಇದನ್ನು ಬಾಯಲ್ಲಿ ಹೇಳಿದರೆ ಬರುವುದಿಲ್ಲ, ಕಾಲು ಕಲಿಯಬೇಕು. ಹತ್ತು ದಿನ ನನ್ನನ್ನು ನನ್ನ ಪಾಡಿಗೆ ಬಿಡಿ, ಸಾಕು."

"ಇಷ್ಟಕ್ಕೆ ಹತ್ತು ದಿನವೇ?" ಕೊಂಬಣ್ಣ ನಕ್ಕ. "ನಾನು ಏರ್ಪಾಡು ಮಾಡುತ್ತೇನೆ ಬಿಡಿ."

ಅವನ ಏರ್ಪಾಡು ಯಾವುದು ಗೊತ್ತೇ? ಒಂದು ಗೊರವಂಕ. ಕೇಳಿದ ಮಾತನ್ನು ಚಾಚೂ ತಪ್ಪದೆ ಒಪ್ಪಿಸುವ ಹಕ್ಕಿ ಅದು. ಕೊಂಬೆಯ ಮೇಲೆ ಕೂತು ಅದು ಹೇಳಿಕೊಟ್ಟಿತು, ದಡದ ಮೇಲೆ ಕೂತು ಮರಿಗಳು ಕೂಗಿದವು: "ಸೀಳುನಾಯಿ ಬಂದರೆ ನೀರಿಗೆ ಇಳಿ. ಎಡಗಡೆ ಬೇಡ, ಬಲಗಡೆ ಇಳಿ." ಸಂಜೆಯೊಳಗೆ ಎಲ್ಲವಕ್ಕೂ ಬಾಯಿಪಾಠ.

ಶಾಲೆಯ ತನಿಖೆಗೆ ನವಿಲು ಸಾಹೇಬರು ಗರಿ ಎಳೆದುಕೊಂಡು ಬಂದರು. ಒಂದು ಪ್ರಶ್ನೆ ಕೇಳಿದರು. ಮರಿಗಳು ಒಕ್ಕೊರಲಿನಿಂದ ಒಪ್ಪಿಸಿದವು. ಸಾಹೇಬರು ತಲೆದೂಗಿ, ಎಲ್ಲರೂ ಪಾಸು ಎಂದು ಹೊರಟುಹೋದರು. ನೀರಿನ ಕಡೆ ಅವರು ತಿರುಗಿಯೂ ನೋಡಲಿಲ್ಲ, ಗರಿ ನೆನೆದೀತೆಂದು.

ಕೊಂಬಣ್ಣ ಉಬ್ಬಿಹೋದ. ಮರಿಗಳ ಎದುರಿಗೇ ಹೇಳಿಬಿಟ್ಟ, "ನೋಡಿದಿರಾ ಟೀಚರಮ್ಮ, ನೀವು ಹತ್ತು ದಿನ ಕೇಳಿದ್ದನ್ನು ಗೊರವಂಕ ಒಂದೇ ದಿನದಲ್ಲಿ ಮುಗಿಸಿತು. ನೀವು ಸುಮ್ಮನೆ ಕಡ್ಡಿಯನ್ನು ಗುಡ್ಡ ಮಾಡಿ ತೋರಿಸುತ್ತೀರಿ."

ಮರಿಗಳು ಕಿಸಕ್ಕನೆ ನಕ್ಕವು. ಅಂದಿನಿಂದ ನೀಲಮ್ಮ ಬಂದರೆ ಒಂದೂ ಎದ್ದು ನಿಲ್ಲುತ್ತಿರಲಿಲ್ಲ. ಆ ನಗುವಿನ ಪಾಪ ಮರಿಗಳದ್ದಲ್ಲ, ಕಲಿಸಿದವನದ್ದು.

ಕೆಲವು ದಿನ ಕಳೆದ ಮೇಲೆ ದಳವಾಯಿ ಆನೆಯ ಸವಾರಿ ಬರುವ ಸುದ್ದಿ ಬಂತು. ತೋರಣ ಕಟ್ಟಲು ಯಾರು? ನೀಲಮ್ಮನೇ. ಅವಳು ಆನೆದಾರಿಯಲ್ಲಿ ಸೊಪ್ಪು ಮುರಿಯುತ್ತಿದ್ದಳು. ಇತ್ತ ಕೊಂಬಣ್ಣ ಹೊಂಡದ ದಡದಲ್ಲಿ ಮರಿಗಳ ಕೂಗು ಕೇಳುತ್ತ ನೀರು ಕುಡಿಯುತ್ತಿದ್ದ.

ಆಗ ಪೊದೆಗಳ ಹಿಂದಿನಿಂದ ಸಿಳ್ಳೆ ಕೇಳಿತು. ಒಂದಲ್ಲ, ನಾಲ್ಕಾರು. ಸೀಳುನಾಯಿಗಳ ಸಿಳ್ಳೆ.

ಕೊಂಬಣ್ಣ ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಅವನ ಕಾಲು ಹಾರಿತ್ತು. ಬಲಗಡೆಯಿಂದ ಇಳಿದು, ಎದೆಮಟ್ಟದ ನೀರಿನಲ್ಲಿ ನಿಂತು ತಿರುಗಿ ನೋಡಿದ. ನೋಡಿ ಅವನ ಜೀವವೇ ಬಾಯಿಗೆ ಬಂತು.

ಮರಿಗಳು ಒಂದೂ ಇಳಿದಿರಲಿಲ್ಲ. ದಡದ ಮೇಲೆ ಸಾಲಾಗಿ ನಿಂತು, ಕಣ್ಣು ಮುಚ್ಚಿಕೊಂಡು ಕೂಗುತ್ತಿದ್ದವು, "ಸೀಳುನಾಯಿ ಬಂದರೆ ನೀರಿಗೆ ಇಳಿ. ಎಡಗಡೆ ಬೇಡ, ಬಲಗಡೆ ಇಳಿ."

"ಕೂಗಬೇಡಿ, ಇಳಿಯಿರಿ," ಎಂದು ಕೊಂಬಣ್ಣ ಅರಚಿದ.

"ತಪ್ಪಿಲ್ಲದೆ ಹೇಳಿದೆವಲ್ಲ ತಾತ," ಎಂದಳು ಚಿಟ್ಟಿ. "ನೀರು ಕಂಡರೆ ಭಯ ಆಗುತ್ತದೆ. ಹೇಗೆ ಇಳಿಯುವುದು ಅಂತ ಯಾರೂ ತೋರಿಸಲಿಲ್ಲ." ಅಷ್ಟರಲ್ಲಿ ಕೆಂಪು ಮೂತಿಯೊಂದು ಪೊದೆಯಿಂದ ಹೊರಬಂತು. ಚಿಟ್ಟಿ ದಿಕ್ಕೆಟ್ಟು ಎಡಗಡೆ ಹಾರಿ, ಹೊಟ್ಟೆಯವರೆಗೆ ಕೆಸರಿನಲ್ಲಿ ಹೂತುಕೊಂಡಳು. ಗೊರವಂಕ? ಅದಕ್ಕೆ ರೆಕ್ಕೆಯಿತ್ತು, ಹಾರಿಹೋಯಿತು.

ಕೊಂಬಣ್ಣನಿಗೆ ಆಗ ನೆನಪಾಯಿತು. ಮರಿಯಾಗಿದ್ದಾಗ ಅವನೂ ನೀರಿಗೆ ಹೆದರುತ್ತಿದ್ದ. ದಿನಾ ಬೆಳಿಗ್ಗೆ ಒಬ್ಬರು ಹಣೆಯಿಂದ ಮೆಲ್ಲಗೆ ತಳ್ಳಿ ತಳ್ಳಿ ಇಳಿಸುತ್ತಿದ್ದರು. ಅವನ ಕಾಲಿಗೆ ಬಲಗಡೆ ತೋರಿಸಿದವರು ಅವರೇ, ನೀಲಮ್ಮ ಟೀಚರ್. ಅವನಿಗೆ ತುಂಬ ನಾಚಿಕೆಯಾಯಿತು.

ಸಿಳ್ಳೆ ಕೇಳಿದ ನೀಲಮ್ಮ ಸೊಪ್ಪು ಬಿಸಾಡಿ ಓಡಿಬಂದಿದ್ದಳು. ಒಂದೊಂದೇ ಮರಿಯನ್ನು ಹಣೆಯಿಂದ ತಳ್ಳಿ ಬಲಗಡೆ ಇಳಿಸಿದಳು. ಒಂದು ನಾಯಿ ಅವಳ ಹಿಂಗಾಲಿಗೆ ಬಾಯಿ ಹಾಕಿತು. ಅವಳು ಝಾಡಿಸಿ ಒದ್ದಳೇ ಹೊರತು ಕೊನೆಯ ಮರಿ ಇಳಿಯುವ ತನಕ ದಡ ಬಿಡಲಿಲ್ಲ.

"ಕೊಂಬಣ್ಣ, ಏನು ನೋಡುತ್ತ ನಿಂತಿದ್ದೀಯ? ಕೆಸರಿನ ಕಡೆ ಹೋಗು. ಚಿಟ್ಟಿಯ ಹೊಟ್ಟೆಯ ಕೆಳಗೆ ಕೊಂಬು ಕೊಟ್ಟು ಎತ್ತು."

ಎಷ್ಟೋ ವರ್ಷಗಳ ಮೇಲೆ ಯಜಮಾನನನ್ನು ಒಬ್ಬರು ಏಕವಚನದಲ್ಲಿ ಕರೆದಿದ್ದರು. "ಆಗಲಿ ಟೀಚರ್," ಎಂದು ಅವನು ನೀರಿನಲ್ಲೇ ಓಡಿದ, ಹೇಳಿದ ಹಾಗೇ ಮಾಡಿದ.

ನೀಲಮ್ಮ ಆಳದಲ್ಲಿ ಅಡ್ಡ ನಿಂತಳು, ಮರಿಗಳೆಲ್ಲ ಅವಳ ಬೆನ್ನ ಹಿಂದೆ. ಈಜಿ ಬಂದ ನಾಯಿಗಳಿಗೆ ಅವಳ ಮುಂಗಾಲಿನ ಏಟು ಬಿತ್ತು. ನಾಲ್ಕು ಏಟು ತಿಂದ ಮೇಲೆ ಅವು ಬೇರೆ ಊಟ ಹುಡುಕಿಕೊಂಡು ಹೋದವು.

ದಡಕ್ಕೆ ಬಂದ ಮೇಲೆ ಕೊಂಬಣ್ಣ ಅವಳ ಗಾಯದ ಕಾಲಿನ ಬಳಿ ತಲೆ ತಗ್ಗಿಸಿ ನಿಂತ. "ನನಗೆ ಕಲಿಸಿದವರು ಯಾರೆಂಬುದೇ ಮರೆತುಹೋಗಿತ್ತು, ಟೀಚರ್."

"ನೀನು ಮರೆತರೂ ನಿನ್ನ ಕಾಲು ಮರೆತಿರಲಿಲ್ಲ," ಎಂದಳು ನೀಲಮ್ಮ. "ಕಲಿಸಿದ್ದು ಅಲ್ಲಿದ್ದರೆ ನನಗಷ್ಟು ಸಾಕು. ಈ ಮರಿಗಳಿಗೂ ಅದು ಬೇಕಲ್ಲ ಅನ್ನುವುದೇ ನನ್ನ ಸಂಕಟವಾಗಿತ್ತು."

ಮರುದಿನ ಬೆಳಿಗ್ಗೆ ನವಿಲು ಸಾಹೇಬರು ಧಾವಿಸಿ ಬಂದರು. "ದಳವಾಯಿಗಳು ಬರುವ ಹೊತ್ತಾಯಿತು, ತೋರಣ ಅರ್ಧಕ್ಕೇ ನಿಂತಿದೆ. ಎಲ್ಲಿ ನಿಮ್ಮ ಟೀಚರಮ್ಮ?"

ಹೊಂಡದಲ್ಲಿ ಕುಂಟುಗಾಲಿನ ನೀಲಮ್ಮ ಚಿಟ್ಟಿಯನ್ನು ಹಣೆಯಿಂದ ಮೆಲ್ಲಗೆ ತಳ್ಳುತ್ತಿದ್ದಳು. ಕೊಂಬಣ್ಣ ಸಾಹೇಬರ ದಾರಿಗೆ ಅಡ್ಡ ನಿಂತ.

"ಪಾಠ ನಡೆಯುತ್ತಿದೆ, ಕರೆಯುವ ಹಾಗಿಲ್ಲ. ತೋರಣ ಕಟ್ಟುವುದಕ್ಕೆ ನಾನು ಬರುತ್ತೇನೆ, ನಡೆಯಿರಿ. ಅದು ಯಾರು ಬೇಕಾದರೂ ಮಾಡಬಹುದಾದ ಕೆಲಸ."

ನೀತಿ: ಗುರುವನ್ನು ಪಾಠದಿಂದ ಎಬ್ಬಿಸಿ ಚಾಕರಿಗೆ ಕಳಿಸುವವರು ತಮ್ಮ ಮಕ್ಕಳನ್ನೇ ಅಪಾಯದ ಬಾಯಿಗೆ ಒಡ್ಡುತ್ತಾರೆ.